1939ರ ರೂಪಾಯಿ ಸಿಕ್ಕಿದೆ, ತೊಳೆಯಲಾ?

ಪ್ರಶ್ನೆ: ಅಜ್ಜಿಯ ಟ್ರಂಕಿನ ತಳದಲ್ಲಿ 1939ರ ಬೆಳ್ಳಿ ರೂಪಾಯಿ ಸಿಕ್ಕಿತು. ಆರನೇ ಜಾರ್ಜ್ ದೊರೆಯ ತಲೆ ಇದೆ, ಪೂರ್ತಿ ಕಪ್ಪಾಗಿದೆ. ಹುಣಸೆಹಣ್ಣು ಹಾಕಿ ತೊಳೆಯಲಾ? ಇದಕ್ಕೆ ಲಕ್ಷಗಟ್ಟಲೆ ಬೆಲೆ ಅಂತ ವಿಡಿಯೊದಲ್ಲಿ ನೋಡಿದೆ, ನಿಜವಾ?
– ದಾವಣಗೆರೆಯ ಓದುಗರು

ಉತ್ತರ: ದಯವಿಟ್ಟು ತೊಳೆಯಬೇಡಿ. ಆ ಕಪ್ಪು ಕೊಳೆಯಲ್ಲ. ಇಷ್ಟು ವರ್ಷ ಗಾಳಿಗೆ ಬೆಳ್ಳಿಯ ಮೈಮೇಲೆ ತಾನಾಗಿ ಕಟ್ಟಿದ ಪದರ. ಹುಣಸೆ, ಪೀತಾಂಬರಿ, ಟೂತ್‌ಪೇಸ್ಟ್, ಯಾವುದರಲ್ಲಿ ಉಜ್ಜಿದರೂ ಮೈತುಂಬ ಸಣ್ಣ ಗೀರು ಬೀಳುತ್ತವೆ. ಭೂತಗನ್ನಡಿ ಹಿಡಿದ ಕೂಡಲೇ ಕಾಣುತ್ತದೆ, ಬೆಲೆ ಬಿದ್ದುಹೋಗುತ್ತದೆ. ಹಾಗೆ ಹಾಳಾದ ಒಳ್ಳೊಳ್ಳೆ ನಾಣ್ಯಗಳನ್ನು ನೋಡಿ ನನಗೆ ಹೊಟ್ಟೆ ಉರಿದಿದೆ.

1939ರ ರೂಪಾಯಿ ನಿಜಕ್ಕೂ ಅಪರೂಪ. ಅದಕ್ಕೇ ನಕಲಿಯೂ ಜಾಸ್ತಿ. ವಿಡಿಯೊದ ಬೆಲೆ ಮರೆತು, ಮೊದಲು ಇದು ಅಸಲಿಯೇ ನೋಡೋಣ.

ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿಸಿ. ಒಂದು ತೊಲ ಅಂದರೆ 11.66 ಗ್ರಾಂ ಇರಬೇಕು, ಸವೆದಿದ್ದರೆ ಚೂರು ಕಮ್ಮಿ. ಅಡ್ಡಳತೆ 30.5 ಮಿ.ಮೀ. ಆದರೆ ತೂಕ ಒಂದೇ ಸಾಲದು. ಈ ರೂಪಾಯಿಯಲ್ಲಿ ನೂರಕ್ಕೆ ಸುಮಾರು 92 ಪಾಲು ಬೆಳ್ಳಿ. 1940ರಲ್ಲಿ ಅದನ್ನು ಅರ್ಧಕ್ಕೆ ಇಳಿಸಿದರು, ತೂಕ ಮಾತ್ರ ಅಷ್ಟೇ ಉಳಿಯಿತು.

ಹಾಗಾಗಿ ಇನ್ನೊಂದು ಪರೀಕ್ಷೆ ಮಾಡಿ. ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆಗೆ ತನ್ನಿ. ನಾಣ್ಯಕ್ಕೆ ದಾರ ಕಟ್ಟಿ ನೀರಲ್ಲಿ ಮುಳುಗಿಸಿ ಹಿಡಿಯಿರಿ, ತಳ ಮುಟ್ಟಬಾರದು. ತಕ್ಕಡಿ ಸುಮಾರು 1.13 ಗ್ರಾಂ ತೋರಿಸಿದರೆ ಬೆಳ್ಳಿ ಸರಿಯಾಗಿದೆ. 1.2 ದಾಟಿದರೆ ಬೆರಕೆ ಜಾಸ್ತಿ. ಆಮೇಲೆ ಬಟ್ಟೆಯಿಂದ ಒತ್ತಿ ನೀರು ತೆಗೆಯಿರಿ, ಉಜ್ಜಬೇಡಿ.

ಬೆಳ್ಳಿ ಸರಿ ಬಂದರೂ ಇಸವಿ ಸುಳ್ಳಿರಬಹುದು. 1938ರ ರೂಪಾಯಿಯ 8ನ್ನು ಕೆರೆದು 9 ಮಾಡುವ ಕೈಚಳಕ ಹಳೆಯದು. ನಿಮ್ಮ ನಾಣ್ಯದಲ್ಲೇ ಎರಡು 9 ಇವೆಯಲ್ಲ, ಭೂತಗನ್ನಡಿಯಲ್ಲಿ ಒಂದರ ಪಕ್ಕ ಒಂದಿಟ್ಟು ನೋಡಿ. ಬಾಲದ ಬಾಗು, ದಪ್ಪ ಹೊಂದುತ್ತವೆಯೇ? ಕೊನೆಯ ಅಂಕಿಯ ಸುತ್ತ ಕೆರೆದ ಗುರುತು ಇದೆಯೇ? ಎರಕ ಹೊಯ್ದ ನಕಲಿಯಾದರೆ ಮೈಮೇಲೆ ಸೂಜಿಮೊನೆಯಂಥ ತೂತುಗಳು, ಅಂಚಿನ ಸುತ್ತ ಅರ ಹಾಕಿದ ಗೆರೆ ಕಾಣುತ್ತವೆ. ಇದೆಲ್ಲ ದಾಟಿದರೆ ಅನುಭವಿ ಸಂಗ್ರಹಕಾರರಿಗೆ ತೋರಿಸಿ, ಒಬ್ಬರಿಗಲ್ಲ, ಇಬ್ಬರಿಗೆ.

ಪ್ರಶ್ನೆ: ನನ್ನ ಹತ್ತಿರ ಒಂದು ರೂಪಾಯಿ ನಾಣ್ಯದ ಎರಡೂ ಕಡೆ ಸಿಂಹದ ಚಿತ್ರವೇ ಇದೆ. ಆನ್‌ಲೈನಿನಲ್ಲಿ ಒಬ್ಬರು ಕೊಳ್ಳುತ್ತೇವೆ ಅಂದಿದ್ದಾರೆ, ಮೊದಲು ಜಿಎಸ್‌ಟಿ ಕಟ್ಟಿ ಅನ್ನುತ್ತಿದ್ದಾರೆ.
– ಹಾಸನದ ಓದುಗರು

ಉತ್ತರ: ಒಂದು ಪೈಸೆಯೂ ಕಟ್ಟಬೇಡಿ. ರಿಸರ್ವ್ ಬ್ಯಾಂಕ್ ಹೆಸರು ಹೇಳಿಕೊಂಡು ಹಳೇ ನಾಣ್ಯಕ್ಕೆ ಕಮಿಷನ್, ತೆರಿಗೆ ಕೇಳುವವರ ಬಗ್ಗೆ ಆ ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಜನರನ್ನು ಎಚ್ಚರಿಸಿದೆ. ನಿಜವಾಗಿ ಕೊಳ್ಳುವವರು ನಿಮಗೆ ದುಡ್ಡು ಕೊಡುತ್ತಾರೆ, ನಿಮ್ಮಿಂದ ಕೇಳುವುದಿಲ್ಲ, ಅಲ್ವಾ?

ಇನ್ನು ನಾಣ್ಯ. ಒಂದು ಕಡೆ ಸಿಂಹ ಉಬ್ಬಿ, ಇನ್ನೊಂದು ಕಡೆ ಅದೇ ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುಗಿ ಒಳಕ್ಕೆ ತಗ್ಗಿದ್ದರೆ ಅದು ಟಂಕಸಾಲೆಯ ನಿಜವಾದ ತಪ್ಪು. ಬ್ರಾಕೇಜ್ ಅನ್ನುತ್ತಾರೆ. ಹಿಂದಿನ ನಾಣ್ಯ ಅಚ್ಚಿಗೆ ಅಂಟಿಕೊಂಡು, ಮುಂದಿನ ಬಿಲ್ಲೆಗೆ ತಾನೇ ಅಚ್ಚಾಗಿ ಒತ್ತಿದಾಗ ಹೀಗಾಗುತ್ತದೆ. ಸಂಗ್ರಹಕಾರರು ಇದನ್ನು ಇಷ್ಟಪಡುತ್ತಾರೆ. ಎರಡೂ ಕಡೆ ಉಬ್ಬಿದ್ದರೆ ಅನುಮಾನ ಪಡಿ. ಎರಡು ನಾಣ್ಯಗಳನ್ನು ಕೊರೆದು ಸೇರಿಸಿರುತ್ತಾರೆ. ಅಂಚಿನ ಒಳಬದಿಯಲ್ಲಿ ಸಣ್ಣ ಬೆಸುಗೆ ಗೆರೆ ಉಗುರಿಗೆ ತಾಕುತ್ತದೆ. ಮೇಜಿನ ಮೇಲೆ ಬೀಳಿಸಿದರೆ ಸದ್ದೂ ಬೇರೆ.

ಪ್ರಶ್ನೆ: ಈಸ್ಟ್ ಇಂಡಿಯಾ ಕಂಪನಿಯ 1818ರ ತಾಮ್ರದ ನಾಣ್ಯ, ರಾಮ, ಸೀತೆ, ಲಕ್ಷ್ಮಣ, ಹನುಮಂತ ಇದ್ದಾರೆ. ಅಕ್ಕಿಕಾಳು ಸೆಳೆಯುತ್ತದಂತೆ.
– ತುಮಕೂರಿನ ಓದುಗರು

ಉತ್ತರ: ಕಂಪನಿ ಇಂಥ ನಾಣ್ಯ ಹೊರಡಿಸಲೇ ಇಲ್ಲ. ಇವು ಈಚಿನ ಬಿಲ್ಲೆಗಳು. ದೇವರ ಮನೆಯಲ್ಲಿಟ್ಟು ಪೂಜೆ ಮಾಡಿ, ಖಂಡಿತ ತಪ್ಪಿಲ್ಲ. ಆದರೆ ಅಕ್ಕಿ ಸೆಳೆಯುತ್ತದೆ ಅನ್ನುವುದು ‘ರೈಸ್ ಪುಲ್ಲಿಂಗ್’ ಮೋಸ. ಕಾಳಿನಲ್ಲಿ ಕಬ್ಬಿಣದ ಚೂರು, ನಾಣ್ಯಕ್ಕೆ ಅಯಸ್ಕಾಂತ ಸೇರಿಸಿ ತೋರಿಸುತ್ತಾರೆ. ನಿಮ್ಮ ಮನೆಯ ಅಕ್ಕಿಯನ್ನೇ ಅದರ ಹತ್ತಿರ ಹಿಡಿದು ನೋಡಿ.