ಥೇಲಿಸ್‌ನಿಂದ ಶುರು ಮಾಡಬೇಡಿ

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ಸಿವಿಲ್ ಇಂಜಿನಿಯರಿಂಗ್ ಮುಗಿಸಿ ಸೈಟಿನಲ್ಲಿ ಕೆಲಸ ಮಾಡುತ್ತಿದ್ದೀರಿ, ಪಾಶ್ಚಾತ್ಯ ತತ್ತ್ವಶಾಸ್ತ್ರ ಓದಬೇಕೆಂದು ಆಸೆ. ಚರಿತ್ರೆಯ ದಪ್ಪ ಪುಸ್ತಕವೊಂದನ್ನು ಹಿಡಿದು ಥೇಲಿಸ್‌ನಿಂದ ಎರಡು ಸಲ ಶುರು ಮಾಡಿದಿರಿ, ಎರಡು ಸಲವೂ ಅರಿಸ್ಟಾಟಲ್ ಹತ್ತಿರ ಬಂದು ಕೈಬಿಟ್ಟಿರಿ. ಹೆಸರುಗಳು ನೆನಪಿವೆ, ಯಾರು ಏನು ಹೇಳಿದರು ಅನ್ನುವುದು ಮಾತ್ರ ಕಲಸುಮೇಲೋಗರ. ಹಾಗಾದರೆ ಎಲ್ಲಿಂದ ಶುರು ಮಾಡಬೇಕು?

ನಾನು ಮೇಷ್ಟ್ರಲ್ಲ. ಬಿ.ಎ.ಯಲ್ಲಿ ತತ್ತ್ವಶಾಸ್ತ್ರ ಓದಿ, ಆಮೇಲೆ ಹೊಟ್ಟೆಪಾಡಿಗೆ ಲೆಕ್ಕಪತ್ರದ ಕೆಲಸ ಹಿಡಿದವನು. ನೀವು ಬಿದ್ದ ಹಳ್ಳಕ್ಕೆ ನಾನೂ ಬಿದ್ದಿದ್ದೇನೆ. ಜಗತ್ತಿಗೆ ಮೂಲ ವಸ್ತು ಯಾವುದು ಅನ್ನುವುದಕ್ಕೆ ನಮ್ಮ ನೋಟ್ಸಿನಲ್ಲಿ ಇದ್ದದ್ದೇ ಹೀಗೆ: ಥೇಲಿಸ್, ನೀರು. ಅನಾಕ್ಸಿಮಿನೀಸ್, ಗಾಳಿ. ಹೆರಾಕ್ಲಿಟಸ್, ಬೆಂಕಿ. ಪಂಚಭೂತಗಳಲ್ಲಿ ಇನ್ನೆರಡು ಯಾರ ಪಾಲಿಗೆ ಹೋದವು ಅಂತ ಹಾಸ್ಟೆಲಿನಲ್ಲಿ ತಮಾಷೆ ಮಾಡುತ್ತಿದ್ದೆವು. ಉರು ಹೊಡೆದೆ, ಪಾಸಾದೆ, ತಲೆಗೆ ಒಂದಕ್ಷರ ಹೋಗಲಿಲ್ಲ. ಆ ಪುಸ್ತಕಗಳನ್ನು ನಾವು ಓದುವ ರೀತಿಯೇ ಸರಿಯಿಲ್ಲ ಅಂತ ಬಹಳ ತಡವಾಗಿ ಗೊತ್ತಾಯಿತು. ನಾವು ಒಬ್ಬೊಬ್ಬರ ‘ಅಭಿಪ್ರಾಯ’ ಪಟ್ಟಿ ಮಾಡುತ್ತಾ ಹೋಗುತ್ತೇವೆ. ಅವರೆಲ್ಲ ಒಬ್ಬರ ಮಾತಿಗೆ ಒಬ್ಬರು ಎದುರುತ್ತರ ಕೊಡುತ್ತಿದ್ದವರು. ಜಗಳದಲ್ಲಿ ಒಂದೇ ಕಡೆಯ ಮಾತು ಕೇಳಿಸಿಕೊಂಡರೆ ಏನು ಅರ್ಥವಾದೀತು?

ಹಾಗಾಗಿ ನನ್ನ ಸಲಹೆ: ಚರಿತ್ರೆ ಬದಿಗಿಡಿ. ಒಂದೇ ಒಂದು ಜಗಳ ಹಿಡಿಯಿರಿ. 1641ರಿಂದ ಹಿಡಿಯಿರಿ.

ಆ ವರ್ಷ ಫ್ರಾನ್ಸಿನ ತತ್ತ್ವಜ್ಞಾನಿ ದೆಕಾರ್ತ್‌ನ ‘ಮೆಡಿಟೇಷನ್ಸ್’ ಲ್ಯಾಟಿನ್‌ನಲ್ಲಿ ಅಚ್ಚಾಯಿತು. (ನಮ್ಮ ಮೇಷ್ಟ್ರು ಕೊನೆಯವರೆಗೂ ‘ಡೆಸ್ಕಾರ್ಟಿಸ್’ ಅಂತಲೇ ಅಂದರು. ಫ್ರೆಂಚಿನಲ್ಲಿ ಆ ‘ಸ’ಕಾರ ಬಾಯಿಗೆ ಬರುವುದಿಲ್ಲ.) ಪುಸ್ತಕ ಚಿಕ್ಕದು. ಅಚ್ಚಿಗೆ ಹೋಗುವ ಮೊದಲೇ ಅವನ ಸ್ನೇಹಿತ ಮೆರ್ಸೆನ್ ಎಂಬ ಪಾದ್ರಿ ಹಸ್ತಪ್ರತಿಯನ್ನು ಹತ್ತಾರು ಜನರಿಗೆ ತೋರಿಸಿ ಆಕ್ಷೇಪಣೆ ತರಿಸಿದ. ಆ ಕಾಲದ ಪಂಡಿತರಾದ ಹಾಬ್ಸ್, ಆರ್ನೊ, ಗಸಾಂದಿ ಎಲ್ಲರೂ ಬರೆದರು. ಆರು ಕಂತು ಆಕ್ಷೇಪಣೆಗಳೂ ಅವಕ್ಕೆ ದೆಕಾರ್ತ್ ಕೊಟ್ಟ ಉತ್ತರಗಳೂ ಮೊದಲ ಮುದ್ರಣದಲ್ಲೇ ಪುಸ್ತಕದ ಜೊತೆ ಬಂದವು. ಮರುವರ್ಷ ಏಳನೆಯದು ಸೇರಿತು. ಅಂದರೆ ಪುಸ್ತಕ ಹುಟ್ಟಿದ್ದೇ ಜಗಳದ ಸಮೇತ.

ಮೊದಲ ಅಧ್ಯಾಯದಲ್ಲಿ ಅವನು ಅನುಮಾನಿಸಬಹುದಾದದ್ದನ್ನೆಲ್ಲ ಅನುಮಾನಿಸುತ್ತಾನೆ. ಒಲೆಯ ಪಕ್ಕ ಕೂತಿದ್ದೇನೆ ಅನ್ನುವುದು ಕನಸಿರಬಹುದು, ಯಾವುದೋ ಬಲಶಾಲಿ ಪಿಶಾಚಿ ನನ್ನನ್ನು ಏಮಾರಿಸುತ್ತಿರಬಹುದು. ಇಲ್ಲಿ ಕನ್ನಡ ಓದುಗರಿಗೆ ಒಂದು ಎಚ್ಚರಿಕೆ ಹೇಳಬೇಕು. ಈ ಪುಟ ಬಂದ ಕೂಡಲೇ ‘ಓ, ಮಾಯಾವಾದ, ನಮಗೆ ಗೊತ್ತಿರುವುದೇ’ ಅಂತ ಪುಸ್ತಕ ಮುಚ್ಚಿಬಿಡುತ್ತೇವೆ. ನಾನೂ ಮುಚ್ಚಿದ್ದೆ. ಅದ್ವೈತದ ಗೌಡಪಾದರ ಕಾರಿಕೆಯಲ್ಲಿ ಎಚ್ಚರ ಮತ್ತು ಕನಸನ್ನು ಹೋಲಿಸುವುದು ಒಂದು ತೀರ್ಮಾನಕ್ಕೆ ಬರಲಿಕ್ಕೆ: ಕಂಡ ಪದಾರ್ಥಗಳು ಎರಡು ಕಡೆಯೂ ಮಿಥ್ಯೆ. ದೆಕಾರ್ತ್‌ಗೆ ಕನಸು ಬರೀ ಜರಡಿ. ಅದರಲ್ಲಿ ಏನು ಉಳಿಯುತ್ತದೆ ನೋಡಿ, ಕೆಲಸ ಮುಗಿದ ಮೇಲೆ ಜರಡಿಯನ್ನು ಮೂಲೆಗೆಸೆಯುತ್ತಾನೆ. ಆರನೆಯ ಅಧ್ಯಾಯದ ಹೊತ್ತಿಗೆ ಜಗತ್ತು ಅವನಿಗೆ ವಾಪಸ್ ಸಿಕ್ಕಿರುತ್ತದೆ. ಎರಡಕ್ಕೂ ನೆಂಟಸ್ತನ ಹುಡುಕುವುದು ಆಮೇಲೆ ಇದ್ದದ್ದೇ, ಮೊದಲು ವ್ಯತ್ಯಾಸ ನೋಡಿ.

ಎರಡನೆಯ ಅಧ್ಯಾಯದಲ್ಲಿ ಜರಡಿಯಲ್ಲಿ ಉಳಿಯುವುದು ‘ಯೋಚಿಸುತ್ತಿರುವ ನಾನು ಇದ್ದೇನೆ’ ಅನ್ನುವುದೊಂದೇ. ಆಮೇಲೆ ಮೇಣದ ತುಂಡು ಬರುತ್ತದೆ. ಜೇನುಗೂಡಿನಿಂದ ಆಗಷ್ಟೇ ತೆಗೆದದ್ದು. ಜೇನಿನ ರುಚಿ ಪೂರ್ತಿ ಹೋಗಿಲ್ಲ, ಹೂವಿನ ವಾಸನೆ ಒಂಚೂರು ಉಳಿದಿದೆ, ಮುಟ್ಟಿದರೆ ಗಟ್ಟಿ, ತಣ್ಣಗೆ, ಬೆರಳಿನ ಗೆಣ್ಣಿನಿಂದ ತಟ್ಟಿದರೆ ಸದ್ದು ಬರುತ್ತದೆ. ಬೆಂಕಿಯ ಹತ್ತಿರ ಹಿಡಿದರೆ ರುಚಿ, ವಾಸನೆ, ಬಣ್ಣ, ಆಕಾರ ಎಲ್ಲ ಹೋಯಿತು, ತಟ್ಟಿದರೆ ಸದ್ದೂ ಇಲ್ಲ. ಆದರೂ ಅದೇ ಮೇಣ ಅನ್ನುತ್ತೇವಲ್ಲ, ಹೇಗೆ? ಇದನ್ನು ನಾನು ಮಾಡಿ ನೋಡಿದ್ದೇನೆ. ಗ್ರಂಧಿಗೆ ಅಂಗಡಿಯಲ್ಲಿ ಹಿಮ್ಮಡಿ ಒಡಕಿಗೆ ಅಂತ ಜೇನುಮೇಣ ಕೊಡುತ್ತಾರೆ, ಅದನ್ನೇ ತಂದು ಸೌಟಿನಲ್ಲಿಟ್ಟು ಗ್ಯಾಸಿನ ಮೇಲೆ ಹಿಡಿದೆ. ಅರ್ಧ ನಿಮಿಷದಲ್ಲಿ ಹಳದಿ ಗಟ್ಟಿ ಹೋಗಿ ಎಣ್ಣೆಯ ಹಾಗೆ ಪಾರದರ್ಶಕ. ಅಡಿಯಲ್ಲಿ ಸೌಟಿನ ಗೀರುಗಳು ಕಾಣುತ್ತಿದ್ದವು. ಓದಿದಾಗ ಚಮತ್ಕಾರದ ಮಾತು ಅನ್ನಿಸಿದ್ದು ಆಗ ನಿಜವಾದ ಪ್ರಶ್ನೆಯಾಯಿತು: ಕಣ್ಣು, ಮೂಗು, ಕೈ ಒಂದೂ ‘ಅದೇ’ ಅಂತ ಹೇಳುತ್ತಿಲ್ಲ, ಹಾಗಾದರೆ ಹೇಳುತ್ತಿರುವವರು ಯಾರು? ಬುದ್ಧಿ ಅನ್ನುತ್ತಾನೆ ದೆಕಾರ್ತ್. (ಸೌಟು ಆಮೇಲೆ ಅಡುಗೆಗೆ ಬರಲಿಲ್ಲ. ಅದರ ಬಗ್ಗೆ ಮನೆಯಲ್ಲಿ ಬೇರೆ ಜಗಳ.)

ಇಷ್ಟರಿಂದ ಅವನು ಕಟ್ಟುವ ಮನೆಯಲ್ಲಿ ಎರಡೇ ಕೋಣೆ. ಒಂದು ಯೋಚಿಸುವ ಮನಸ್ಸು, ಅದಕ್ಕೆ ಉದ್ದ ಅಗಲ ಇಲ್ಲ. ಇನ್ನೊಂದು ಉದ್ದ ಅಗಲ ಇರುವ ದೇಹ, ಅದಕ್ಕೆ ಯೋಚನೆ ಇಲ್ಲ. ಸರಿ, ನಡುವೆ ಬಾಗಿಲು ಎಲ್ಲಿ?

ಈ ಪ್ರಶ್ನೆಯನ್ನು ಅತ್ಯಂತ ಚೊಕ್ಕವಾಗಿ ಕೇಳಿದವಳು ಇಪ್ಪತ್ನಾಲ್ಕು ವರ್ಷದ ಎಲಿಜಬೆತ್. ಅವಳ ಅಪ್ಪ ಬೊಹೀಮಿಯದ ರಾಜನಾಗಿದ್ದವನು, 1620ರ ಯುದ್ಧದಲ್ಲಿ ಸೋತು ಸಿಂಹಾಸನ ಕಳೆದುಕೊಂಡ. ಕುಟುಂಬ ಹಾಲೆಂಡಿನ ಹೇಗ್ ನಗರದಲ್ಲಿ ದೇಶಭ್ರಷ್ಟರಾಗಿ ಇತ್ತು. 1643ರ ಮೇ ತಿಂಗಳಲ್ಲಿ ಅವಳು ದೆಕಾರ್ತ್‌ಗೆ ಬರೆದ ಮೊದಲ ಕಾಗದದ ಸಾರ ಇಷ್ಟು: ಒಂದು ವಸ್ತು ಅಲುಗಬೇಕಾದರೆ ಇನ್ನೊಂದು ಅದನ್ನು ತಳ್ಳಬೇಕು, ತಳ್ಳಬೇಕಾದರೆ ತಾಕಬೇಕು, ತಾಕಬೇಕಾದರೆ ಮೈ ಇರಬೇಕು. ಆತ್ಮಕ್ಕೆ ಮೈ ಇಲ್ಲ ಅಂತ ನೀವೇ ಹೇಳಿದಿರಿ. ಹಾಗಾದರೆ ನಾನು ಕೈ ಎತ್ತಬೇಕು ಅಂದುಕೊಂಡರೆ ಕೈ ಹೇಗೆ ಏಳುತ್ತದೆ? ನೀವು ನನ್ನ ಆತ್ಮಕ್ಕೆ ವೈದ್ಯರು, ಹಿಪಾಕ್ರಟಿಸನ ಪ್ರಮಾಣದಂತೆ ಈ ರೋಗವನ್ನು ಗುಟ್ಟಾಗಿಟ್ಟು ಔಷಧಿ ಕೊಡಿ ಅನ್ನುತ್ತಾಳೆ. ವಿನಯ ಎಷ್ಟಿದೆಯೋ ಏಟೂ ಅಷ್ಟೇ ಇದೆ.

ದೆಕಾರ್ತ್ ಭಾರದ ಉದಾಹರಣೆ ಕೊಟ್ಟ: ಕಲ್ಲನ್ನು ಅದರ ಭಾರ ಕೆಳಗೆ ಎಳೆಯುತ್ತದೆ ಅನ್ನುವಾಗ ಭಾರ ಕಲ್ಲನ್ನು ತಳ್ಳುತ್ತದೆ ಅಂತ ಯಾರೂ ಕಲ್ಪಿಸಿಕೊಳ್ಳುವುದಿಲ್ಲವಲ್ಲ, ಹಾಗೆ. ಅವಳು ಒಪ್ಪಲಿಲ್ಲ. ಮೈಯಿಲ್ಲದ ಆತ್ಮ ಮೈಯನ್ನು ಅಲುಗಿಸುತ್ತದೆ ಅನ್ನುವುದಕ್ಕಿಂತ ಆತ್ಮಕ್ಕೇ ಮೈಯಿದೆ ಅಂತ ಒಪ್ಪುವುದು ನನಗೆ ಸುಲಭ ಅಂತ ಮರುಕಾಗದ ಬರೆದಳು. ಮನೆಯ ತಾಪತ್ರಯ, ಬಂದುಹೋಗುವವರ ಉಪಚಾರ, ಇವುಗಳ ನಡುವೆ ಯೋಚನೆಗೆ ಬಿಡುವಿಲ್ಲ ಅಂತಲೂ ಅದರಲ್ಲೇ ಬರೆದಿದ್ದಾಳೆ; ಈ ಸಾಲು ಓದಿದಾಗ ನನಗೆ ನಮ್ಮಮ್ಮನ ನೆನಪಾಯಿತು. ಜೂನ್ ಕೊನೆಗೆ ದೆಕಾರ್ತ್ ಹೆಚ್ಚುಕಡಿಮೆ ಕೈಚೆಲ್ಲಿದ. ದೇಹ ಮನಸ್ಸು ಒಂದಾಗಿರುವುದು ತತ್ತ್ವಚಿಂತನೆಯಿಂದ ತಿಳಿಯುವಂಥದಲ್ಲ, ದಿನನಿತ್ಯದ ಬದುಕಿನಲ್ಲಿ, ನಾಲ್ಕು ಜನರ ಜೊತೆ ಮಾತಾಡುವುದರಲ್ಲಿ ತಿಳಿಯುವಂಥದು. ನಾನಂತೂ ಬರೀ ಬುದ್ಧಿಯ ಯೋಚನೆಗೆ ವರ್ಷಕ್ಕೆ ಕೆಲವೇ ಗಂಟೆ ಕೊಡುತ್ತೇನೆ ಅಂದ. ಆಧುನಿಕ ತತ್ತ್ವಶಾಸ್ತ್ರದ ಪಿತಾಮಹ ಅನ್ನಿಸಿಕೊಂಡವನ ಬಾಯಲ್ಲಿ ಈ ಮಾತು! ಮರುವರ್ಷ ತನ್ನ ‘ಪ್ರಿನ್ಸಿಪಲ್ಸ್’ ಪುಸ್ತಕವನ್ನು ಅವಳಿಗೇ ಅರ್ಪಿಸಿದ. ಅವಳ ಕಾಗದಗಳು ಮಾತ್ರ ಅಚ್ಚಾದದ್ದು 1879ರಲ್ಲಿ. ನಮ್ಮ ನೋಟ್ಸಿನಲ್ಲಿ ಅವಳ ಹೆಸರೇ ಇರಲಿಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ, ಇಡೀ ವಿಷಯಕ್ಕೆ ಇದಕ್ಕಿಂತ ಒಳ್ಳೆಯ ಹೆಬ್ಬಾಗಿಲು ಇನ್ನೊಂದಿಲ್ಲ.

ಇಲ್ಲಿಂದ ಜಗಳ ಕವಲೊಡೆಯುತ್ತದೆ. ಮಸೂರ ಉಜ್ಜಿ ಬದುಕಿದ ಸ್ಪಿನೋಜಾ ಎರಡು ಕೋಣೆಯೇ ಇಲ್ಲ, ಇರುವುದು ಒಂದೇ ಅಂದ. ಲಾಕ್ ಅನ್ನುವ ಇಂಗ್ಲಿಷಿನವನು ಬುದ್ಧಿಯಲ್ಲಿ ಹುಟ್ಟಿನಿಂದ ಏನೂ ಬರೆದಿರುವುದಿಲ್ಲ, ಎಲ್ಲ ಅನುಭವದಿಂದ ಬಂದದ್ದು ಅಂದ. ಇವರನ್ನು ಸದ್ಯಕ್ಕೆ ದಾಟಿ ಹ್ಯೂಮ್ ಹತ್ತಿರ ಬನ್ನಿ, ಯಾಕೆಂದರೆ ಅವನ ಪ್ರಶ್ನೆ ನಿಮ್ಮ ಸೈಟಿನಲ್ಲೇ ಬಿದ್ದಿದೆ.

ಡೇವಿಡ್ ಹ್ಯೂಮ್ ಎಡಿನ್‌ಬರೊದವನು. ಅವನ ಉದಾಹರಣೆ ಬಿಲಿಯರ್ಡ್ಸ್. ನಾವು ಕೇರಂ ಅಂದುಕೊಳ್ಳೋಣ. ಸ್ಟ್ರೈಕರ್ ಹೋಗಿ ಕಾಯಿಗೆ ಬಡಿಯಿತು, ಕಾಯಿ ಹೋಯಿತು. ಕಂಡದ್ದು ಎರಡು: ಇದು ಬಂತು, ಅದು ಹೋಯಿತು. ‘ಹೋಗಲೇಬೇಕು’ ಅನ್ನುವುದು ಎಲ್ಲಿ ಕಂಡಿತು? ಸಾವಿರ ಸಲ ನೋಡಿದರೂ ಸಾವಿರ ಸಲ ಹೋದದ್ದು ಕಾಣುತ್ತದೆ, ‘ಲೇಬೇಕು’ ಕಾಣುವುದಿಲ್ಲ. ಈಗ ನಿಮ್ಮ ಕ್ಯೂಬ್ ಟೆಸ್ಟ್ ತಗೊಳ್ಳಿ. 28 ದಿನ ನೀರಲ್ಲಿಟ್ಟ ಕಾಂಕ್ರೀಟ್ ಕ್ಯೂಬನ್ನು ಮೆಷಿನ್ನಿಗೆ ಕೊಟ್ಟು ಪುಡಿ ಮಾಡುತ್ತೀರಿ, ಬಲ ಎಷ್ಟು ಅಂತ ಬರೆದುಕೊಳ್ಳುತ್ತೀರಿ. ಆ ಕ್ಯೂಬ್ ಸತ್ತುಹೋಯಿತು. ಮನೆ ನಿಂತಿರುವುದು ಅದರ ಮೇಲಲ್ಲ, ನೀವು ಟೆಸ್ಟೇ ಮಾಡದ ಬೀಮಿನ ಮೇಲೆ. ಪುಡಿಯಾದದ್ದರ ಬಲ ನಿಂತಿರುವುದಕ್ಕೂ ಇದೆ, ನಾಳೆಯೂ ಇರುತ್ತದೆ ಅಂತ ಹೇಗೆ ಹೇಳುತ್ತೀರಿ? ‘ಇಷ್ಟು ದಿನ ಹಾಗೇ ಆಗಿದೆ ಸಾರ್’ ಅನ್ನುತ್ತೀರಿ. ಇಷ್ಟು ದಿನ ಆದದ್ದು ಮುಂದೆಯೂ ಆಗುತ್ತದೆ ಅನ್ನುವುದಕ್ಕೆ ಆಧಾರ? ಅದೂ ಇಷ್ಟು ದಿನ ಹಾಗೇ ಆಗಿದೆ. ಗಾಣದೆತ್ತಿನ ಸುತ್ತು!

ಹ್ಯೂಮ್ ಕಾರ್ಯಕಾರಣವೇ ಇಲ್ಲ ಅಂದ ಅಂತ ಗೈಡುಗಳಲ್ಲಿ ಬರೆದಿರುತ್ತಾರೆ. ಹಾಗೆ ಅವನು ಹೇಳಲಿಲ್ಲ. ನಮ್ಮ ನಂಬಿಕೆ ತರ್ಕದಿಂದ ಬಂದದ್ದಲ್ಲ, ರೂಢಿಯಿಂದ ಬಂದದ್ದು ಅಂದ. ಆ ರೂಢಿ ಇಲ್ಲದಿದ್ದರೆ ಅನ್ನ ತಿನ್ನಲಿಕ್ಕೂ ಧೈರ್ಯ ಬರುತ್ತಿರಲಿಲ್ಲ. ಇಷ್ಟೆಲ್ಲ ಯೋಚಿಸಿ ತಲೆ ಕೆಟ್ಟಾಗ ಊಟ ಮಾಡಿ, ಸ್ನೇಹಿತರ ಜೊತೆ ಪಗಡೆಯಂಥದೊಂದು ಆಟ ಆಡಿ, ಹರಟೆ ಹೊಡೆದು ಸರಿಹೋಗುತ್ತಿದ್ದೆ ಅಂತ ಅವನೇ ಬರೆದುಕೊಂಡಿದ್ದಾನೆ. 1739ರಲ್ಲಿ ಬಂದ ಅವನ ದೊಡ್ಡ ಪುಸ್ತಕವನ್ನು ಯಾರೂ ಕೇಳಲಿಲ್ಲ, ಅಚ್ಚಿನಮನೆಯಿಂದಲೇ ಸತ್ತು ಹುಟ್ಟಿತು ಅಂತ ನೊಂದುಕೊಂಡ. ಅದರ ಸಾರವನ್ನು ಸಣ್ಣದು ಮಾಡಿ 1748ರಲ್ಲಿ ಮತ್ತೆ ಬರೆದ. ನೀವು ಓದಬೇಕಾದದ್ದು ಈ ಸಣ್ಣದನ್ನು, ‘ಆನ್ ಎನ್‌ಕ್ವೈರಿ ಕನ್ಸರ್ನಿಂಗ್ ಹ್ಯೂಮನ್ ಅಂಡರ್‌ಸ್ಟ್ಯಾಂಡಿಂಗ್’ ಅಂತ ಹೆಸರು.

ಇದನ್ನು ಓದಿ ನಿದ್ದೆಯಿಂದ ಎದ್ದೆ ಅಂದವನು ಜರ್ಮನ್ ತತ್ತ್ವಜ್ಞಾನಿ, ಕೋನಿಗ್ಸ್‌ಬರ್ಗಿನ ಕಾಂಟ್. ಅವನ ಉತ್ತರದ ಒಂದು ಎಳೆ ಹೇಳುತ್ತೇನೆ. ಒಂದು ಮನೆಯನ್ನು ನೋಡುವಾಗ ಮಾಡಿನಿಂದ ತಳಪಾಯಕ್ಕೆ ಕಣ್ಣು ಇಳಿಸಬಹುದು, ಕೆಳಗಿನಿಂದ ಮೇಲಕ್ಕೂ ಹೋಗಬಹುದು, ಕ್ರಮ ನಮ್ಮಿಷ್ಟ. ಹೊಳೆಯಲ್ಲಿ ಇಳಿದುಹೋಗುವ ದೋಣಿಯನ್ನು ನೋಡುವಾಗ ಮೇಲೆ ಕಂಡದ್ದೇ ಮೊದಲು, ಕೆಳಗೆ ಕಂಡದ್ದೇ ಆಮೇಲೆ, ತಿರುಗಿಸಲಾಗದು. ಈ ‘ತಿರುಗಿಸಲಾಗದು’ ಇಲ್ಲದೆ ‘ಏನೋ ಒಂದು ಆಯಿತು’ ಅನ್ನುವ ಅನುಭವವೇ ಸಾಧ್ಯವಿಲ್ಲ. ಹಾಗಾಗಿ ಕಾರಣ ಅನ್ನುವುದು ಅನುಭವದಿಂದ ಹೆಕ್ಕಿದ್ದಲ್ಲ, ಅನುಭವ ಆಗಬೇಕಾದರೆ ಬುದ್ಧಿ ಮೊದಲೇ ತಂದಿರಬೇಕಾದದ್ದು ಅನ್ನುತ್ತಾನೆ. ಇದು ಹ್ಯೂಮ್‌ಗೆ ಸರಿಯಾದ ಉತ್ತರವೋ ಅಥವಾ ಪ್ರಶ್ನೆಯನ್ನೇ ಬದಲಾಯಿಸಿದ ಜಾಣತನವೋ, ಇವತ್ತಿಗೂ ಬಗೆಹರಿದಿಲ್ಲ. ನನಗೆ ಎರಡನೆಯದು ಅಂತ ಒಮ್ಮೊಮ್ಮೆ ಅನ್ನಿಸುತ್ತದೆ. ಅವನ 1781ರ ಮಹಾಗ್ರಂಥದ ತಂಟೆಗೆ ಮೊದಲ ವರ್ಷ ಹೋಗಬೇಡಿ. ನಾನು ಹೋಗಿ ನಲವತ್ತನೆಯ ಪುಟದಲ್ಲಿ ಮಲಗಿದೆ.

ಸಾಕ್ರಟಿಸ್, ಪ್ಲೇಟೋ? ಬಿಡಿ ಅನ್ನುತ್ತಿಲ್ಲ. ಪ್ಲೇಟೋನ ‘ಯೂಥಿಫ್ರೋ’ ಒಂದು ಸಂಜೆಯ ಓದು: ದೇವರು ಮೆಚ್ಚಿದ್ದಕ್ಕೆ ಅದು ಒಳ್ಳೆಯದೋ, ಒಳ್ಳೆಯದಾದ್ದಕ್ಕೆ ದೇವರು ಮೆಚ್ಚಿದ್ದೋ? ಅದೂ ಜಗಳವೇ, ಕೊನೆಗೆ ಎದುರಾಳಿ ಕೆಲಸವಿದೆ ಅಂತ ಜಾರಿಕೊಳ್ಳುತ್ತಾನೆ.

ನೀವು ಮಾಡಬೇಕಾದದ್ದು ಇಷ್ಟು. ‘ಮೆಡಿಟೇಷನ್ಸ್’ನ ಮೊದಲ ಎರಡು ಮತ್ತು ಆರನೆಯ ಅಧ್ಯಾಯ, ಆಮೇಲೆ ಎಲಿಜಬೆತ್‌ಳ ಕಾಗದಗಳು, ಆಮೇಲೆ ಹ್ಯೂಮ್‌ನ ಸಣ್ಣ ಪುಸ್ತಕದ ನಾಲ್ಕು ಮತ್ತು ಐದನೆಯ ಭಾಗ. ಇವೆಲ್ಲ ಇಂಗ್ಲಿಷಿನಲ್ಲಿ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತವೆ. ದಿನಕ್ಕೆ ಎರಡು ಪುಟ ಓದಿದರೂ ಮಳೆಗಾಲ ಮುಗಿಯುವುದರೊಳಗೆ ಆಗುತ್ತದೆ. ಒಂದೇ ಷರತ್ತು: ಎಲಿಜಬೆತ್‌ಳ ಮೊದಲ ಕಾಗದ ಓದಿದ ಕೂಡಲೇ ಪುಸ್ತಕ ಮುಚ್ಚಿ, ದೆಕಾರ್ತ್ ಏನಂದ ಅಂತ ನೋಡುವ ಮೊದಲು, ನೀವೇ ಅವಳಿಗೆ ಒಂದು ಪುಟ ಉತ್ತರ ಬರೆಯಿರಿ. ಕನ್ನಡದಲ್ಲಿ. ಬರೆದದ್ದನ್ನು ಇಲ್ಲಿ ಕೆಳಗೆ ಹಾಕಿ, ನಾನು ಅವಳ ಪರವಾಗಿ ವಾದ ಮಾಡುತ್ತೇನೆ.