ಅವ್ವಾರ ಕೈಯಾಗ ಮತ್ತ ಸೂಜಿ: ಬೀಳಗಿ ತಂಗಿಗೆ ಉತ್ತರ

ಬೀಳಗಿ ತಂಗಿ ನಮ್ಮ ಗುಂಪಿನ್ಯಾಗ ಬರದು ಕೇಳಿದ್ದು ಇಷ್ಟು. ಅವ್ವಾರಿಗೆ 72. ಮದುವಿಯಾಗಿ ಬಂದಾಗಿಂದ ಹಳಿ ಬಟ್ಟಿ ಪದರ ಪದರ ಇಟ್ಟು ಕೌದಿ ಹೊಲಕೊಂತ ಬಂದಾರ. ಕಣ್ಣಿನ ಪೊರಿ ತಗಸಿದ ಮ್ಯಾಲ "ಇನ್ನ ಸಾಕು, ಆರಾಮ ಕುಂದ್ರು" ಅಂತ ಮಕ್ಕಳು ಸೂಜಿ ಬಿಡಿಸಿದ್ರು. ಈಗ ಟಿವಿ ಮುಂದ ಕುಂತು ಮಂಕಾಗ್ಯಾರ, ಮಂದಿ ಹೆಸರು ಮರೀತಾರ. ಮತ್ತ ಹೊಲಿಗಿ ಹಚ್ಚಬೇಕೋ ಬ್ಯಾಡೋ, ಹಚ್ಚಿದ್ರ ಹ್ಯಾಂಗ, ಹೊಲ ಬಿಟ್ಟು ಕಟ್ಟಿ ಮ್ಯಾಲ ಕುಂತ ಅಪ್ಪಾರಿಗೆ ಏನು ಕೊಡಬೇಕು, ಮತ್ತ ಅವ್ವಾರ ತಾಯಿಯ ಹಳಿ ಇಳಕಲ್ ಸೀರಿ ಕೌದಿಗೆ ಬಳಸಬಹುದೋ ಇಲ್ಲೋ. ಆಕಿ ಪ್ರಶ್ನಿ ಕೆಳಗ ಭಾಳ ಮಂದಿ "ವಯಸ್ಸಾತು, ನಾಮಸ್ಮರಣಿ ಮಾಡ್ಕೊಂತ ಇರಲಿ ಬಿಡ್ರಿ" ಅಂತ ಬರದಾರ. ನಾಮಸ್ಮರಣಿ ಮಾಡ್ಲಿ, ಬ್ಯಾಡ ಅನ್ನಂಗಿಲ್ಲ. ಆದ್ರ ಐವತ್ತು ವರ್ಷ ಸೂಜಿ ಹಿಡಿದ ಕೈ ಖಾಲಿ ಬಿಡಸೋದು ಆರಾಮಲ್ರೀ, ಅದು ಶಿಕ್ಷಾ. ಸೂಜಿ ಹಚ್ಚರಿ. ಹ್ಯಾಂಗ ಅಂತ ವಿವರವಾಗಿ ಬರೀತೀನಿ, ಉದ್ದ ಆಕ್ಕೈತಿ, ಪುರುಸೊತ್ತಿನಾಗ ಓದ್ರಿ.

ಹೊಲಿಗಿಗಿಂತ ಮುಂಚೆ ಒಂದು ಕೆಲಸ ಐತಿ. ಹೆಸರು ಮರಿಯೋದು ವಯಸ್ಸಿಂದ ಅಂತ ಮನ್ಯಾಗ ಕುಂತು ತೀರ್ಮಾನ ಮಾಡಬ್ಯಾಡ್ರಿ. ಥೈರಾಯ್ಡ್ ಕಡಿಮಿ ಇದ್ರೂ ಹಿಂಗ ಆಕ್ಕೈತಿ, ಬಿ12 ಕಡಿಮಿ ಇದ್ರೂ ಆಕ್ಕೈತಿ, ಮನಸ್ಸಿಗೆ ಖಿನ್ನತಿ ಹಿಡದ್ರೂ ಆಕ್ಕೈತಿ. ಮೂರಕ್ಕೂ ಚಿಕಿತ್ಸಾ ಐತಿ. ತತ್ತಿ-ಮಾಂಸ ತಿನ್ನದ ಮನ್ಯಾಗ ಬಿ12 ಕಡಿಮಿ ಇರೋದು ಭಾಳ ಸಾಮಾನ್ಯ. ಡಾಕ್ಟರ್ ಹತ್ರ ಕರಕೊಂಡು ಹೋಗಿ ರಕ್ತ ತಪಾಸಣಿ ಮಾಡಸ್ರಿ, ಕಿವಿನೂ ತೋರಸ್ರಿ. ಮರೆವಿನ ರೋಗದ ಬಗ್ಗೆ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕಿಯ ತಜ್ಞರ ಸಮಿತಿ 2024ರಾಗ ವರದಿ ಕೊಟ್ಟಾಗ, ನಮ್ಮ ಕೈಲೆ ಸುಧಾರಿಸಾಕ ಬರೋ 14 ಕಾರಣ ಪಟ್ಟಿ ಮಾಡಿತ್ತು. ಕಿವಿ ಕೇಳದಿರೋದು, ಕಣ್ಣಿನ ದೋಷಕ್ಕ ಚಿಕಿತ್ಸಾ ಮಾಡಸದ ಬಿಡೋದು, ಒಂಟಿಯಾಗಿ ಉಳಿಯೋದು, ಮೈ ಆಡಸದಿರೋದು ಎಲ್ಲಾ ಅದರಾಗ ಅದಾವ. ಕಿವಿ ಮಂದ ಆದವರು ನಾಕು ಮಂದಿ ಕುಂತಲ್ಲೆ ಮಾತು ಸಿಗಲಾರದಕ್ಕ ಮೆಲ್ಲಕ ಎದ್ದು ಒಳಗ ಹೋಗ್ತಾರ. ಮನಿಯವರು ಅದಕ್ಕ ಮಂಕು ಅಂತ ಹೆಸರಿಡತಾರ.

ಈಗ ಮುಖ್ಯ ಮಾತು. ಅವ್ವಾರಿಗೆ ಹೊತ್ತು ಕಳಿಯೋ ಕೆಲಸ ಕೊಡಬ್ಯಾಡ್ರಿ, ತಲಿ ಓಡಸಬೇಕಾದಂಥ ಕೆಲಸ ಕೊಡ್ರಿ. ಇದು ನನ್ನ ಹುಕಿ ಅಷ್ಟ ಅಲ್ಲ. ಅಮೆರಿಕದ ಡಲ್ಲಾಸಿನ ಟೆಕ್ಸಾಸ್ ವಿಶ್ವವಿದ್ಯಾಲಯದಾಗ ಡೆನಿಸ್ ಪಾರ್ಕ್ ಅನ್ನೋ ವಿಜ್ಞಾನಿ ಮತ್ತ ಅವರ ಸಂಗಡಿಗರು 60ರಿಂದ 90 ವಯಸ್ಸಿನ 221 ಮಂದಿನ್ನ ಬ್ಯಾರೆ ಬ್ಯಾರೆ ಗುಂಪು ಮಾಡಿ ಮೂರು ತಿಂಗಳು ನೋಡಿದ್ರು, 2014ರಾಗ ಪ್ರಕಟ ಮಾಡಿದ್ರು. ಒಂದು ಗುಂಪಿಗೆ ಕಲಿಸಿದ್ದು ಏನು ಗೊತ್ತೇನ್ರಿ? ನಮ್ಮ ಕೌದಿ ಜಾತಿಯದ, ಅವರ ಕಡಿಯ ಕ್ವಿಲ್ಟ್ ಹೊಲಿಯೋದು. ಇನ್ನೊಂದು ಗುಂಪಿಗೆ ಡಿಜಿಟಲ್ ಕ್ಯಾಮೆರಾದ ಫೋಟೋ, ಮತ್ತೊಂದಕ್ಕ ಎರಡೂ. ಉಳದವರೊಳಗ ಕೆಲವರು ಬರೇ ಕೂಡಿ ಹರಟಿ ಹೊಡೆಯೋದು, ಅಲ್ಲಿ ಇಲ್ಲಿ ತಿರುಗಾಡೋದು. ಕೆಲವರು ಮನ್ಯಾಗ ಹಾಡು ಕೇಳೋದು, ಪದಬಂಧ ಬಿಡಸೋದು. ವಾರಕ್ಕ ಸುಮಾರು 15 ತಾಸು ಈ ಗುಂಪಿನವರು ಅವರವರ ಕೆಲಸ ಮಾಡಿದ್ರು. ಹೊಸಾ ವಿದ್ಯಾ ಕಲಿತವರ ನೆನಪು ಒಟ್ಟಾರೆ ಚೊಲೋ ಆತು, ಅದರಾಗೂ ಫೋಟೋ ಕಲಿತವರದು ಹೆಚ್ಚು. ಹರಟಿಯವರದೂ ಹಾಡಿನವರದೂ ಅಷ್ಟು ಆಗಲಿಲ್ಲ.

ಇದರಾಗ ಒಂದು ಸೂಕ್ಷ್ಮ ಐತಿ, ನಮ್ಮ ಗುಂಪಿನ್ಯಾಗ ಯಾರೂ ಹೇಳಿಲ್ಲ. ಅವರೆಲ್ಲಾ ಹೊಸದಾಗಿ ಕಲಿತವರು. ನಿಮ್ಮ ಅವ್ವಾರಿಗೆ ಕೌದಿ ಹೊಸಾದಲ್ಲ, ಕಣ್ಣು ಮುಚ್ಚಿ ಟಾಕಿ (ಒಂದೊಂದು ಹೊಲಿಗಿ) ಹಾಕಬಲ್ಲರು. ಹಂಗಾಗಿ ಬರೇ ಹಳಿ ಕೌದಿನ ಮತ್ತ ಹೊಲಿ ಅಂದ್ರ ಕೈಗೆ ಕೆಲಸ ಸಿಕ್ಕೀತು, ತಲಿಗೆ ಸಿಗಲಿಕ್ಕಿಲ್ಲ. ಕೈಗೆ ಗೊತ್ತಿದ್ದ ಕೆಲಸದೊಳಗ ಗೊತ್ತಿಲ್ಲದ್ದೊಂದು ಸೇರಸ್ರಿ. ಮೊದಲನೇ ಕೌದಿ ಅವರು ಬಲ್ಲಂಗ ಆಗಲಿ: ಅಂಚಿಗೆ ಸುರು, ಸುತ್ತು ಸುತ್ತು ಒಳಗ ಬರೋದು, ಕಡೀಕ ನಡುವಿಗೆ ಬಂದು ಮುಗಸೋದು. ಕೈ ಬಿಸಿ ಆತು ಅಂದ ಮ್ಯಾಲ ಕಸೂತಿ ಮುಂದ ಇಡ್ರಿ.

ಕಸೂತಿ ಯಾಕಂದ್ರ ಅದು ಎಣಿಕಿ ವಿದ್ಯಾ. ಗವಂತಿ, ಮುರ್ಗಿ, ನೇಗಿ, ಮೆಂತೆ ಅಂತ ನಾಕು ಹೊಲಿಗಿ. ಗಂಟು ಹಾಕಂಗಿಲ್ಲ, ಬಟ್ಟಿ ಮ್ಯಾಲ ಚಿತ್ರ ಬರಕೊಳ್ಳಂಗಿಲ್ಲ, ಎಳಿ ಎಣಸಬೇಕು. ಗವಂತಿಯಾಗ ಹೋಗೋ ಮುಂದ ಒಂದು ಬಿಟ್ಟು ಒಂದು ಟಾಕಿ ಹಾಕ್ಕೊಂತ ಹೋಗೋದು, ಬರೋ ಮುಂದ ಬಿಟ್ಟ ಜಾಗಾ ತುಂಬಿಕೊಂತ ಬರೋದು. ಆಗ ಎರಡೂ ಮಗ್ಗಲು ಒಂದ ಥರಾ ಕಾಣತೈತಿ. ಹೋಗೋ ಮುಂದ ಒಂದು ಎಳಿ ತಪ್ಪಿದ್ರ ಬರೋ ಮುಂದ ದಾರಿ ಕೂಡಂಗಿಲ್ಲ. ಬಾಗಲಕೋಟಿ ನವನಗರದ ನಮ್ಮ ಸೆಕ್ಟರಿನಾಗ ಎಪ್ಪತ್ತು ದಾಟಿದ ಅಕ್ಕಾರೊಬ್ಬರು ಕಸೂತಿಯ ಗೋಪುರದ ಚಿತ್ರ ಕಲೀಲಿಕ್ಕೆ ಹತ್ಯಾರ. ಕೌದಿಯಾಗ ಪಳಗಿದ ಕೈ ಅವರದು. ತುದಿ ಮೆಟ್ಟಲಕ್ಕ ಬಂದಾಗ ಸೂಜಿ ನಿಂದರಸ್ತಾರ, ತುಟಿ ಅಲ್ಲಾಡಿಸಿಕೊಂತ ಎಳಿ ಎಣಿಸ್ತಾರ, ಬಟ್ಟಿ ತಿರುಗಿಸಿ ಹಿಂದಿನ ಮಗ್ಗಲು ನೋಡ್ತಾರ, ಉಗುರಿಲೆ ಒಂದು ಎಳಿ ಸರಿಸಿ ಆಮ್ಯಾಲ ಚುಚ್ಚತಾರ. ಆ ಹೊತ್ತಿನಾಗ ಯಾರರ ಮಾತಾಡಿಸಿದ್ರ "ತಡೀರಿ" ಅಂತಾರ. ಆ "ತಡೀರಿ" ಕೇಳಿದ್ರ ನನಗ ಭಾಳ ಸಂತೋಷ ಆಕ್ಕೈತಿ, ಯಾಕಂದ್ರ ಮನಸ್ಸು ಪೂರ್ತಿ ಅಲ್ಲೆ ಐತಿ ಅಂದಂಗ. ತೆಳ್ಳನ ಸೀರಿ ಮ್ಯಾಲ ಸುರು ಮಾಡಸಬ್ಯಾಡ್ರಿ, ಕಣ್ಣು ಸೋಲತಾವ. ಎಳಿ ಎಣಸಾಕ ಬರೋ ಮ್ಯಾಟಿ ಬಟ್ಟಿ ಸಿಗತೈತಿ, ಅದರ ಮ್ಯಾಲ ಕಲೀಲಿ. ಹೊಲದದ್ದನ್ನ ಫೋನಿನಾಗ ಫೋಟೋ ತಗಿಯೋದನ್ನೂ ಅವರಿಗೇ ಕಲಸ್ರಿ, ನೀವು ತಗದು ಕೊಡಬ್ಯಾಡ್ರಿ.

ಕಣ್ಣಿನ ಸಂಗತಿ. ಪೊರಿ ತಗದು ಹಾಕೋ ಲೆನ್ಸ್ ಸಾಮಾನ್ಯವಾಗಿ ದೂರದ್ದು ಕಾಣಾಕ ಇರತೈತಿ, ಹತ್ರದ ಕೆಲಸಕ್ಕ ಚಸ್ಮಾ ಬೇಕ ಬೇಕು. ಆದ್ರ ಓದೋ ಚಸ್ಮಾ ಓದೋ ದೂರಕ್ಕ ಮಾಡಿರತಾರ. ಕೌದಿ ತೊಡಿ ಮ್ಯಾಲ ಇರತೈತಿ, ಅದು ಇನ್ನೂ ಗೇಣುದ್ದ ದೂರ. ಕಣ್ಣು ತೋರಸಾಕ ಹೋಗೋ ಮುಂದ ಹೊಲಿಯೋ ಬಟ್ಟಿನ ಕೈಯಾಗ ಒಯ್ಯರಿ, ಹ್ಯಾಂಗ ಹಿಡಕೊಂಡು ಹೊಲಿತಾರ ಅಂತ ತೋರಸ್ರಿ, ಆ ದೂರಕ್ಕ ನಂಬರ್ ಕೊಡ್ರಿ ಅನ್ರಿ. ಇಷ್ಟು ಮಾಡಿದ್ರನ ಎಷ್ಟೋ ಮಂದಿಯ ಕುತ್ತಿಗಿ ನೋವು ಕಡಿಮಿ ಆಕ್ಕೈತಿ, ಬಗ್ಗಿ ಬಗ್ಗಿ ನೋಡೋದು ತಪ್ಪತೈತಿ. ಬೆಳಕಂತೂ ಎಷ್ಟಿದ್ರೂ ಕಡಿಮಿನ. ಅರವತ್ತರ ಕಣ್ಣಿನ ಒಳಗ ಮುಟ್ಟೋ ಬೆಳಕು ಇಪ್ಪತ್ತರ ಕಣ್ಣಿನ ಸುಮಾರು ಮೂರನೇ ಒಂದು ಪಾಲು ಅಂತ ತಜ್ಞರು ಹೇಳ್ತಾರ. ಪೊರಿ ತಗಸಿದ್ರ ಅದು ಎಷ್ಟೋ ಸುಧಾರಿಸತೈತಿ, ಆದ್ರೂ ಗ್ವಾಡಿ ಮ್ಯಾಲಿನ ಒಂದು ಬಲ್ಬಿನ ಕೆಳಗ ಹೊಲಿಯೋದು ಬ್ಯಾಡ. ಮುಂಜಾನಿ ಬಾಗಿಲ ಹತ್ರ, ಇಲ್ಲಾ ಎಡಗಡಿಂದ ಬೀಳೋ ಎಲ್‌ಇಡಿ ದೀಪ. ಕಪ್ಪು, ಗಾಢ ನೀಲಿ ಬಟ್ಟಿಗೆ ಬಿಳಿ ಇಲ್ಲಾ ಹಳದಿ ದಾರ ಹಾಕಲಿ, ತಮ್ಮ ಟಾಕಿ ತಮಗ ಕಾಣಬೇಕು.

ಸೂಜಿ ಪೋಣಿಸೋದು ದೊಡ್ಡ ತಾಪತ್ರಯ. ದೊಡ್ಡ ಕಣ್ಣಿನ ಸೂಜಿ ತರ್ರಿ. ತಗಡಿನ ಬಿಲ್ಲಿಗೆ ಸಣ್ಣ ತಂತಿ ಹಚ್ಚಿದ ದಾರ ಪೋಣಿಸೋ ಸಾಮಾನು ಹೊಲಿಗಿ ಅಂಗಡ್ಯಾಗ ಕಡಿಮಿ ರೊಕ್ಕಕ್ಕ ಸಿಗತೈತಿ. ಇಲ್ಲಾಂದ್ರ ಸಾಲಿಗೆ ಹೋಗೋ ಮುಂಚೆ ಮಕ್ಕಳು ಹತ್ತು ಸೂಜಿ ಪೋಣಿಸಿ ದಿಂಬಿಗೆ ಚುಚ್ಚಿ ಹೋಗಲಿ. ಸೂಜಿ ಚುಚ್ಚೋದಕ್ಕಿಂತ ಎಳಿಯೋದಕ್ಕ ಹೆಬ್ಬಟ್ಟಿನ ಬುಡದಾಗ ನೋವು ಬರತೈತಿ, ವಯಸ್ಸಾದ ಹೆಣ್ಣಮಕ್ಕಳಿಗೆ ಅಲ್ಲಿ ಕೀಲು ಸವದಿರೋದು ಹೆಚ್ಚು. ಹಳಿ ಸೈಕಲ್ ಟ್ಯೂಬಿನ ಎರಡು ಬೆರಳಗಲ ತುಂಡು ಕೊಡ್ರಿ, ಅದರಿಂದ ಸೂಜಿ ಹಿಡಿದು ಎಳದ್ರ ಜಾರಂಗಿಲ್ಲ, ಅರ್ಧ ಬಲ ಸಾಕು. ಒಳಗ ಐದಾರು ಪದರ ಹಾಕೋ ರೂಢಿ ಇದ್ರ ಮೂರಕ್ಕ ಇಳಸ್ರಿ. ತೊಳದು ತೊಳದು ಮೆತ್ತಗಾದ ನೂಲಿನ ಬಟ್ಟಿ ಮಾತ್ರ. ಪಾಲಿಸ್ಟರ್ ಸೀರಿ ಸೇರಸಿದ್ರ ಸೂಜಿ ಇಳಿಯಂಗಿಲ್ಲ, ಬೆವರೂ ಹೀರಂಗಿಲ್ಲ. ಮುಂಜಾನಿ ಬೆರಳು ಬಿಗಿದಿದ್ರ ಉಗುರುಬೆಚ್ಚಗಿನ ನೀರಾಗ ಕೈ ಅದ್ದಿ ಆಮ್ಯಾಲ ಸುರು. ಮೊಣಕಾಲು ಸುಮಾರಿದ್ರ ಕುರ್ಚಿ, ಮುಂದ ಒಂದು ಮೇಜು. ಅರ್ಧ ತಾಸಿಗೊಮ್ಮೆ ಏಳಲೇಬೇಕು, ಇದರಾಗ ರಿಯಾಯ್ತಿ ಇಲ್ಲ.

ಇನ್ನ ಮನಿಯವರಿಗೆ ಒಂದು ಮಾತು, ಸ್ವಲ್ಪ ಕಟುವಾಗಿನ ಹೇಳ್ತೀನಿ. ಯಾವ ತ್ಯಾಪಿ (ಬಟ್ಟಿ ತುಂಡು) ಎಲ್ಲಿ, ಕೆಂಪಿನ ಮಗ್ಗಲಿಗೆ ಹಸರೋ ಹಳದಿನೋ ಅನ್ನೋದು ಅವ್ವಾರ ತೀರ್ಮಾನ. ಅವರು ಹಾಕಿದ ಸೊಟ್ಟ ಟಾಕಿ ಅವರಿಲ್ಲದಾಗ ಬಿಚ್ಚಿ ತಿದ್ದಬ್ಯಾಡ್ರಿ. ಬಣ್ಣ ಹೊಂದಸೋದು, ತಪ್ಪು ಕಂಡಾಗ ಬಿಚ್ಚೋದೋ ಹಂಗ ಮುಂದ ಹೋಗೋದೋ ಅನ್ನೋದು ಇದ್ರನ ಅದು ಕಲಾ. ಕತ್ತರಿಸಿ ಜೋಡಿಸಿಟ್ಟ ತ್ಯಾಪಿ ಕೊಟ್ಟು "ಇದನ್ನ ಹೊಲದು ಕೊಡು" ಅಂದ್ರ ಕೂಲಿ ಆತು. ಆರ್ಡರ್ ಹಿಡಿದು ತಾರೀಖು ಹಾಕೋದೂ ಈಗ ಬ್ಯಾಡ. ಮುಂದ ಅವರಿಗೇ ಮನಸ್ಸಾದ್ರ ಮಾರಲಿ, ರೊಕ್ಕಾ ಅವರ ಕೈಯಾಗ ಇರಲಿ.

ಒಬ್ಬರೇ ಕುಂತು ಹೊಲಿಯೋದು ಭಾಳ ದಿನ ನಡಿಯಂಗಿಲ್ಲ. ಆಲಮಟ್ಟಿ ಡ್ಯಾಮಿನ ಹಿನ್ನೀರಿಗೆ ಊರು ಬಿಟ್ಟವರಿಗೆ ಇದು ಚೊಲೋ ಗೊತ್ತು. ಮೊದಲ ಓಣ್ಯಾಗ ದೊಡ್ಡ ಪಡಸಾಲಿ, ಕೌದಿ ಹಾಸಿದ್ರ ನಾಕೂ ಕಡಿ ನಾಕು ಮಂದಿ ಕುಂದ್ರತಿದ್ರು, ಹಾಡಾಕಿ ಒಬ್ಬಾಕಿ. ಬಾಗಲಕೋಟಿ ನವನಗರದಾಗ, ಪುನರ್ವಸತಿ ಕೇಂದ್ರದಾಗ ಪ್ಲಾಟು ಬಂದ್ವು, ಓಣಿ ಮಂದಿ ಒಬ್ಬರು ಒಂದೊಂದು ಸೆಕ್ಟರಿಗೆ ಹೋದ್ರು. ಹೊಲಿಗಿ ನಿಂತದ್ದು ವಯಸ್ಸಿನಿಂದ ಅಷ್ಟ ಅಲ್ರೀ, ಹಾಸಾಕ ಜಾಗಾ ಮತ್ತ ಎದುರು ಕುಂದ್ರಾಕ ಮಂದಿ ಇಲ್ಲದ್ದಕ್ಕೂ ನಿಂತೈತಿ. ಬೀಳಗಿ ತಾಲ್ಲೂಕಿನ ಎಷ್ಟೋ ಹಳ್ಳಿದೂ ಇದ ಕಥಿ. ನಾವು ಈಗ ಮಧ್ಯಾಹ್ನ ಊಟ ಆದ ಮ್ಯಾಲ ಗುಡಿ ಕಟ್ಟಿ ಮ್ಯಾಲ ಸೇರತೀವಿ, ಜಾಗಾ ಸಣ್ಣದು ಅಂತ ಕೌದಿನ್ನ ನಾಕು ಪಾಲು ಮಾಡಿ ಹೊಲದು ಕಡೀಕ ಕೂಡಿಸ್ತೀವಿ. ವಾರಕ್ಕ ಎರಡು ದಿನ ಇಬ್ಬರು ಸಿಕ್ಕರೂ ಸಾಕು. ಕಲಿಯೋ ಹುಡುಗಿ ಒಬ್ಬಾಕಿ ಸಿಕ್ಕರ ಅವ್ವಾರ ಮುಖಾನ ಬದಲಾಗೋದು ನೋಡ್ರಿ.

ಕೈ ಕೆಲಸ ಹಿಡಿದ್ರ ಮೈ ಕುಂತ ಉಳಿತೈತಿ, ಅದಕ್ಕ ಇದನ್ನೂ ಸೇರಸ್ರಿ. ವಿಶ್ವ ಆರೋಗ್ಯ ಸಂಸ್ಥೆ 65 ದಾಟಿದವರಿಗೆ ಹೇಳೋದು: ವಾರಕ್ಕ ಕನಿಷ್ಠ 150 ನಿಮಿಷ ಮೈ ಬಿಸಿ ಆಗೋವಂಥ ನಡಿಗಿ ಇಲ್ಲಾ ಕೆಲಸ, ಎರಡು ದಿನ ಸ್ನಾಯುಗೆ ಬಲ ಬರೋ ವ್ಯಾಯಾಮ, ಮೂರು ದಿನ ಬೀಳದಂಗ ಸಮತೋಲ ಹಿಡಿಯೋ ರೂಢಿ. ಕೈ ಊರದಂಗ ಕುರ್ಚಿಯಿಂದ ಏಳೋದು, ಗ್ವಾಡಿ ಹಿಡಿದು ಒಂದು ಕಾಲ ಮ್ಯಾಲ ನಿಲ್ಲೋದು ಸಾಕು ಸುರುವಿಗೆ. ಊಟದ ಬಗ್ಗೆ ನನಗ ಕಾಳಜಿ ಹೆಚ್ಚು. ಹಲ್ಲು ಹೋದ ಮ್ಯಾಲ ನಮ್ಮ ಹಿರಿಯರು ಮೆತ್ತನ ಅನ್ನ-ಸಾರಿಗೆ ಇಳದು ಬಿಡತಾರ, ಕಾಳು ಬಿಡತಾರ, ತೊಡಿ ಸೊರಗತಾವ. ನಮ್ಮ ದೇಶದ ಪೋಷಣಾ ಸಂಸ್ಥೆ ಹೇಳೋ ಲೆಕ್ಕ ಮೈತೂಕದ ಕಿಲೋಗೆ 0.83 ಗ್ರಾಂ ಪ್ರೋಟೀನ್, ಐವತ್ತು ಕಿಲೋದ ಅವ್ವಾರಿಗೆ ದಿನಕ್ಕ ಸುಮಾರು 42 ಗ್ರಾಂ. ಹಲ್ಲು ಕಟ್ಟಸ್ರಿ. ಅಲ್ಲೀತನಕ ಬಿಸಿ ಜೋಳದ ರೊಟ್ಟಿ ಬ್ಯಾಳಿ-ಪಲ್ಯದಾಗ ನೆನಸಿ, ಶೇಂಗಾ ಹಿಂಡಿ ಮೊಸರಿನಾಗ ಕಲಸಿ ಕೊಡ್ರಿ. ಮೂತ್ರಪಿಂಡದ ತೊಂದ್ರಿ ಇದ್ರ ಮಾತ್ರ ಡಾಕ್ಟರನ್ನ ಕೇಳಿ. ವಯಸ್ಸಾದಂಗ ನೀರಡಿಕಿ ಗೊತ್ತಾಗೋದು ಕಡಿಮಿ ಆಕ್ಕೈತಿ, ನಮ್ಮ ಕಡಿ ಬ್ಯಾಸಗಿಯಾಗ ಅವರು ಕೇಳೋತನಕ ಕಾಯಬ್ಯಾಡ್ರಿ, ಮಜ್ಜಿಗಿ ತುಂಬಿದ ತಂಬಿಗಿ ಮಗ್ಗಲಾಗ ಇರಲಿ.

ಅಪ್ಪಾರಿಗೆ ಹೊಲ ಮತ್ತ ಕೊಡ್ರಿ ಅಂತ ನಾ ಹೇಳಂಗಿಲ್ಲ. ಮನಿ ಹಿಂದ ಒಂದು ಗುಂಟೆ ಬಿಟ್ಟುಕೊಡ್ರಿ, ಅದರಾಗ ಗಂಡಮಕ್ಕಳು ಬಾಯಿ ಹಾಕಬಾರದು. ಜೋಳ ಬಿತ್ತಿ ತಗದ ಕೈಗೆ ಗಿಡ ಮಾಡೋ ವಿದ್ಯಾ ಹೊಸಾದು. ದಾಳಿಂಬರಕ್ಕ ಗೂಟಿ ಕಟ್ಟೋದು, ಅಂದ್ರ ಟೊಂಗಿ ಗಿಡದಾಗ ಇದ್ದಂಗನ ಅದಕ್ಕ ಬೇರು ಬರಸೋದು, ಕಲೀಲಿ. ಮಳಿಗಾಲದಾಗ ಪೆನ್ಸಿಲ್ ದಪ್ಪದ ಟೊಂಗಿಗೆ ಒಂದಿಂಚು ಸುತ್ತ ತೊಗಟಿ ಬಿಡಿಸಿ, ಹಸಿ ಪಾಚಿ ಇಟ್ಟು ಪ್ಲಾಸ್ಟಿಕ್ ಸುತ್ತಿ ಎರಡೂ ಕಡಿ ಬಿಗಿ ಕಟ್ಟಬೇಕು. ಒಂದೂವರಿ-ಎರಡು ತಿಂಗಳಾಗ ಬೇರು ಕಾಣಸತಾವ. ದುಂಡಾಣು ಅಂಗಮಾರಿ ಬಂದ ತೋಟದ ಗಿಡ ಮುಟ್ಟೋದ ಬ್ಯಾಡ, ರೋಗ ಟೊಂಗಿ ಜೋಡಿನ ಬರತೈತಿ. ಬಾಗಲಕೋಟಿಯಾಗ ತೋಟಗಾರಿಕೆ ವಿಶ್ವವಿದ್ಯಾಲಯನ ಐತಿ, ಒಂದ್ಸಲ ಕರಕೊಂಡು ಹೋಗ್ರಿ, ಪ್ರಶ್ನಿ ಅಪ್ಪಾರೇ ಕೇಳಲಿ.

ಇಳಕಲ್ ಸೀರಿ ಬಗ್ಗೆ. ಕತ್ತರಿ ಹಾಕೋ ಮುಂಚೆ ಅವ್ವಾರನ್ನ ಕೇಳ್ರಿ, ಅದು ಅವರ ತಾಯಿದು. ಹೂಂ ಅಂದ್ರ ಒಡಲಿನ ನೂಲು ಭಾಗ ಪದರಕ್ಕೂ ಬಳಸಬಹುದು, ಮ್ಯಾಲಿನ ತ್ಯಾಪಿಗೂ. ರೇಷ್ಮಿ ಸೆರಗನ್ನ ಒಳಪದರಕ್ಕ ಹಾಕಬ್ಯಾಡ್ರಿ, ನೂಲು ಮತ್ತ ರೇಷ್ಮಿ ತೊಳದಾಗ ಒಂದ ಥರಾ ಕುಗ್ಗಂಗಿಲ್ಲ, ಕೌದಿ ಸುಕ್ಕು ಬೀಳತೈತಿ. ಕೊಂಡಿ ಹಾಕಿ ಸೆರಗು ಕೂಡಿಸಿದ ಜಾಗಾ ದಪ್ಪ ಇರತೈತಿ, ಎರಡು ಬೆರಳು ಬಿಟ್ಟು ಕತ್ತರಸ್ರಿ. ಸೆರಗಿನ ಕೆಂಪು ಬಣ್ಣ ಬಿಡತೈತೋ ಅಂತ ಮೊದಲ ಬಿಳಿ ಹಸಿ ಬಟ್ಟಿಲೆ ತಿಕ್ಕಿ ನೋಡ್ರಿ. ಬಿಟ್ರ ಆ ತುಂಡು ಬ್ಯಾರೆ ಇಡ್ರಿ, ತೊಳಿಯೋ ಕೌದಿಗೆ ಬ್ಯಾಡ. ಕೌದಿ ಅಳತಿ ಎಷ್ಟು ಹಿಡಿಯೋರಿದ್ದೀರಿ ಅಂತ ಇಲ್ಲೆ ಬರೀರಿ, ದಾರ ಎಷ್ಟು ಬೇಕಾಕ್ಕೈತಿ ಅಂತ ನಾವು ಲೆಕ್ಕಾ ಹಾಕಿ ಹೇಳ್ತೀವಿ.