ಹಳೆಯ ಕ್ಯಾಮೆರಾ, ಕಳೆದುಹೋದ ಕಾಲ

ಪ್ರಶ್ನೆ: ಅಪ್ಪನ ಟ್ರಂಕಿನಲ್ಲಿ ರಷ್ಯಾದ ಜೆನಿತ್-ಇ ಕ್ಯಾಮೆರಾ ಸಿಕ್ಕಿತು. ಸಮಾಜವಾದಿ ಆಡಳಿತ ಕುಸಿದ ಮೇಲೂ ಆ ದೇಶಗಳ ಕಲಾವಿದರು ಇಂಥ ಹಳೆಯ ಸಾಧನಗಳನ್ನೇ ಬಳಸುವುದು ಬರಿಯ ಹಂಬಲದಿಂದಲೇ?
– ಓದುಗರೊಬ್ಬರು, ಸರಸ್ವತಿಪುರಂ, ಮೈಸೂರು

ಉತ್ತರ: ಹಂಬಲವೆಂದಷ್ಟೇ ಹೇಳಿದರೆ ಆ ಕಲಾವಿದರಿಗೆ ಅನ್ಯಾಯ ಮಾಡಿದಂತಾಗುತ್ತದೆ. ಅಲ್ಬೇನಿಯಾದ ಕಲಾವಿದ ಅನ್ರಿ ಸಾಲಾ ಅವರಿಗೆ, ಕಮ್ಯುನಿಸ್ಟ್ ಆಡಳಿತದ ಕಾಲದಲ್ಲಿ ತಮ್ಮ ತಾಯಿ ಕೊಟ್ಟಿದ್ದ ಸಂದರ್ಶನದ 16 ಮಿ.ಮೀ. ರೀಲು ಮನೆಯಲ್ಲಿ ಸಿಕ್ಕಿತು. ಅದರಲ್ಲಿ ಚಿತ್ರವಿತ್ತು, ಧ್ವನಿ ಇರಲಿಲ್ಲ. ಕಿವುಡರ ಶಾಲೆಯವರ ನೆರವಿನಿಂದ ತುಟಿಗಳ ಚಲನೆಯನ್ನು ಓದಿಸಿ, ಮರಳಿ ಪಡೆದ ಮಾತುಗಳನ್ನು ತಾಯಿಯ ಮುಂದಿಟ್ಟಾಗ, ಅವು ತನ್ನವೇ ಎಂದು ಆಕೆಗೇ ನಂಬಲಾಗಲಿಲ್ಲ. 1998ರ ‘ಇಂಟರ್‌ವಿಸ್ತಾ’ ಎಂಬ ಅವರ ವಿಡಿಯೊ ಚಿತ್ರ ಹುಟ್ಟಿದ್ದು ಹೀಗೆ. ಆ ರೀಲಿನ ಮೌನವೇ ಅಲ್ಲಿ ಸಾಕ್ಷಿ ನುಡಿಯುತ್ತದೆ ಎಂದು ನಾನು ತಿಳಿದಿದ್ದೇನೆ.

ಉಕ್ರೇನಿನ ಖಾರ್ಕಿವ್ ನಗರದ ಛಾಯಾಗ್ರಾಹಕ ಬೋರಿಸ್ ಮಿಖಾಯ್ಲೋವ್ ಸೋವಿಯತ್ ಕಾಲದಲ್ಲಿ ಜನರ ಕುಟುಂಬಚಿತ್ರಗಳನ್ನು ದೊಡ್ಡದು ಮಾಡಿ ಕೈಯಿಂದಲೇ ಬಣ್ಣ ಹಚ್ಚಿಕೊಡುತ್ತಿದ್ದರು. ನಮ್ಮ ಸ್ಟುಡಿಯೋಗಳಲ್ಲಿ ಕಪ್ಪು-ಬಿಳುಪು ಚಿತ್ರದ ಕೆನ್ನೆಗೆ ಕುಂಚದಿಂದ ಕೆಂಪು ಸವರುತ್ತಿದ್ದಂತೆಯೇ. ಒಕ್ಕೂಟ ಒಡೆದ 1991ರಲ್ಲಿ ಅವರು ಅಗಲ ಚೌಕಟ್ಟಿನ ಸೋವಿಯತ್ ಕ್ಯಾಮೆರಾವನ್ನು ಸೊಂಟದೆತ್ತರದಲ್ಲಿ ಹಿಡಿದು ಬೀದಿಯ ಬಡತನವನ್ನು ಸೆರೆಹಿಡಿದು, ಮುದ್ರಿತ ಚಿತ್ರಗಳಿಗೆ ಕಂದು ಛಾಯೆ ಕೊಟ್ಟರು. ಹೀಗಾಗಿ ಅಂದಿನ ಚಿತ್ರವೇ ಬಹಳ ಹಿಂದಿನದರಂತೆ ಕಾಣುತ್ತದೆ, ಕಾಲ ಹಿಂದಕ್ಕೆ ಸರಿದಂತೆ.

ನಿಮ್ಮ ಜೆನಿತ್-ಇಯ ಬೆಳಕಿನ ಮಾಪಕಕ್ಕೆ ಬ್ಯಾಟರಿ ಬೇಡ. ಆದರೆ ಫಿಲ್ಮಿಗೆ ಬೆಳಕು ಬೀಳದಂತೆ ತಡೆಯುವ ಪರದೆ, ಅಂದರೆ ಷಟರ್, ಬಟ್ಟೆಯದು. ಫಿಲ್ಮ್ ಹಾಕುವ ಮೊದಲು ಲೆನ್ಸ್ ಕಳಚಿ, ಹಿಂಬದಿ ತೆರೆದು, ದೀಪಕ್ಕೆ ಹಿಡಿದು ಸಣ್ಣ ತೂತುಗಳಿವೆಯೇ ನೋಡಿಕೊಳ್ಳಿ.